ಮೂವತ್ತು ಸಿಟ್ಟಿಂಗು, ಅರವತ್ತು ಲೀಟರ್ ಉಪ್ಪುನೀರು

ಜೂನ್ 2, ಭಾನುವಾರ

ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದ ತಮ್ಮ ಒಂಬತ್ತೂವರೆಗೇ ಬಾಗಿಲು ತಟ್ಟಿದ. ಹಿಂದೆ ಆಕೆ. ಒಂದು ಸೂಟ್‌ಕೇಸು, ಒಂದು ದಿಂಬು, ಪ್ಲಾಸ್ಟಿಕ್ ಚೀಲದ ತುಂಬ ಆಸ್ಪತ್ರೆಯ ಕಾಗದ. ದಿಂಬು ಯಾಕೆ ಹೊತ್ತು ತಂದದ್ದು ಎಂದು ಕೇಳಿದೆ. "ನಿನ್ನ ಮನೇಲಿ ಒಂದೇ ಇರುತ್ತೆ ಅಂತ ಗೊತ್ತಿತ್ತು" ಎಂದಳು. ಒಂದೇ ಇರುವುದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆಕೆ ಎಂದರೆ ಅಪ್ಪನ ಎರಡನೆಯ ಹೆಂಡತಿ. ತಮ್ಮ ಆಕೆಯ ಮಗ. ಎರಡು ತಿಂಗಳ ಹಿಂದೆ ಎಡ ಎದೆಯನ್ನು ಗಡ್ಡೆಸಮೇತ ತೆಗೆದಿದ್ದಾರೆ, ಈಗ ಮೂವತ್ತು ಸಲ ರೇಡಿಯೇಶನ್ ಆಗಬೇಕು. ಅವರ ಊರಿನಲ್ಲಿ ಆ ಯಂತ್ರ ಇಲ್ಲ. ನನ್ನ ಮನೆಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಕಾಲು ಗಂಟೆ. ತಮ್ಮನ ಹೆಂಡತಿಗೆ ಆರು ತಿಂಗಳು, ಮಂಚ ಬಿಟ್ಟು ಇಳಿಯಬೇಡಿ ಎಂದಿದ್ದಾರೆ ಡಾಕ್ಟರು. "ಅಕ್ಕ, ಆರು ವಾರ ಅಷ್ಟೇ" ಎಂದು ಫೋನಿನಲ್ಲಿ ಗೋಗರೆದ. ಆಗಲ್ಲ ಎನ್ನಲು ಬಾಯಿ ತೆರೆದೆ, ಅದು ಹೂಂ ಎಂದುಬಿಟ್ಟಿತು. ನನಗೂ ನನ್ನ ಬಾಯಿಗೂ ಸಂಬಂಧವೇ ಇಲ್ಲದ ಹಾಗೆ.

ಇರುವುದು ಒಂದು ಮಲಗುವ ಕೋಣೆ, ಒಂದು ಹಾಲ್. ಹಾಲಿನ ದಿವಾನ ಆಕೆಗೆ. ದಿವಾನದ ತಲೆದೆಸೆಗೆ ನನ್ನ ಗಾಜಿನ ತೊಟ್ಟಿ. ಅರವತ್ತು ಲೀಟರ್ ಉಪ್ಪುನೀರು, ಎರಡು ಮೀನು, ಪಾಚಿ ತಿನ್ನಲೆಂದು ತಂದ ನಿಂಬೆಹಣ್ಣಿನ ಗಾತ್ರದ ಬಸವನಹುಳು. ಮಿಕ್ಕದ್ದೆಲ್ಲ ಜೀವಂತ ಹವಳ. ನಾಲ್ಕು ವರ್ಷ ಸಾಕಿದ್ದೇನೆ.

"ಇದನ್ನ ಮುಟ್ಟಬೇಡಿ" ಎಂದೆ. ಆಕೆಗೆ ನಾನು ಹೇಳಿದ ಮೊದಲ ಮಾತು ಅದೇ. ಮೂವತ್ತೈದು ವರ್ಷದಲ್ಲಿ ಆಕೆಯನ್ನು ನಾನು ಏನೆಂದೂ ಕರೆದಿಲ್ಲ. ಚಿಕ್ಕಮ್ಮ ಎನ್ನು ಎಂದು ಅಪ್ಪ ಹೊಡೆದೂ ಹೇಳಿದ್ದ. ನಾನು ಕಲಿತದ್ದು 'ನೀವು' ಎಂಬ ಒಂದು ಪದ ಮಾತ್ರ. ಕೇಳಿದವರು ಅದನ್ನು ಗೌರವ ಎಂದುಕೊಳ್ಳುತ್ತಾರೆ.

ಜೂನ್ 4, ಮಂಗಳವಾರ

ಎರಡನೆಯ ಸಿಟ್ಟಿಂಗು. ಎಂಟೂಕಾಲಿಗೆ ಆಸ್ಪತ್ರೆ, ಒಂಬತ್ತೂಕಾಲಿಗೆ ಮನೆಗೆ ಬಿಟ್ಟು, ಹತ್ತಕ್ಕೆ ನಾನು ಕಟ್ಟುಹಲ್ಲು ಮಾಡುವ ನನ್ನ ಲ್ಯಾಬಿಗೆ. ಒಳಗೆ ಯಂತ್ರದ ಕೆಳಗೆ ಇರುವುದು ಐದೇ ನಿಮಿಷ. ಐದು ನಿಮಿಷಕ್ಕೆ ನನ್ನ ಎರಡು ಗಂಟೆ.

ಎದೆಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದಾರಂತೆ, ಅಳಿಸಬಾರದಂತೆ. ಬಸ್ಸಿನ ತುಂಬ ಜನರ ನಡುವೆ ಹೇಳಿದಳು: "ಬಟ್ಟೆ ಕತ್ತರಿಸೋಕೆ ಮುಂಚೆ ಗೆರೆ ಹಾಕ್ತೀವಲ್ಲ, ಹಾಗೆ ಹಾಕಿದ್ರು. ಆ ಹುಡುಗಿ ಕೈ ನೆಟ್ಟಗಿಲ್ಲ. ನನ್ನ ಅಂಗಡೀಲಿ ಇದ್ದಿದ್ರೆ ಕೆಲಸದಿಂದ ತೆಗೀತಿದ್ದೆ." ಎದುರಿನ ಸೀಟಿನವರು ನಕ್ಕರು. ನಾನು ನಗಲಿಲ್ಲ. ಮೂವತ್ತು ವರ್ಷ ಊರವರ ಪ್ಯಾಂಟು ಬಿಗಿ ಮಾಡಿ, ಸಡಿಲ ಮಾಡಿ, ಆಕೆಗೆ ಜಗತ್ತೆಲ್ಲ ದರ್ಜಿ ಅಂಗಡಿಯ ಹಾಗೆಯೇ ಕಾಣುತ್ತದೆ.

ಸಂಜೆ ತೊಟ್ಟಿಯ ಮುಂದೆ ಕೂತಿದ್ದಳು. "ಈ ಹವಳಾನ ತಿಂತಾರಾ?" ಎಂದಳು.

"ಇಲ್ಲ."

"ಮತ್ತೆ ಯಾಕೆ ಸಾಕಿದ್ದೀಯ?"

ಮೀನಿಗೆ ಆಹಾರ ಉದುರಿಸಿದೆ. ಮೀನು ಸಾಕುವವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಜೂನ್ 8, ಶನಿವಾರ

ಅಂಗಡಿಯವನ ಬಳಿಯಿಂದ ಐದು ಹವಳದ ತುಂಡು ತಂದೆ. ಉಪ್ಪುನೀರಿನ ಪ್ರಾಣಿಗಳನ್ನು ಮಾರುವವನು ಈ ಊರಿಗೆಲ್ಲ ಅವನೊಬ್ಬನೇ, ಅದಕ್ಕೇ ಅಷ್ಟು ಗರ್ವ. ಒಂದೊಂದೂ ಹೆಬ್ಬೆರಳಿನಷ್ಟಿದೆ. ಕಾಲಿಗೆ ಸಿಮೆಂಟಿನ ಪುಟ್ಟ ಬಿಲ್ಲೆ. ಆ ಬಿಲ್ಲೆಯನ್ನು ತೊಟ್ಟಿಯ ಕಲ್ಲಿಗೆ ಅಂಟಿಸಿದರೆ ಸರಿ, ಹವಳ ತಾನೇ ಹಬ್ಬಿ ಕಲ್ಲನ್ನು ಹಿಡಿದುಕೊಳ್ಳುತ್ತದೆ.

ನೀರು ತಿರುಗಿಸುವ ಪಂಪು ನಿಲ್ಲಿಸಿದೆ. ಕೈಗವಸು ಹಾಕಿಕೊಂಡೆ, ಯಾಕೆಂದರೆ ಐದರಲ್ಲಿ ಒಂದು ಅಂಗಿಗುಂಡಿಗಳ ಗೊಂಚಲಿನಂಥ ಗುಂಡಿ ಹವಳ, ಅದರ ಲೋಳೆ ವಿಷ. ಬಿಲ್ಲೆಯ ತಳ ಒರೆಸಿ, ಜೆಲ್ ಅಂಟು ಹಚ್ಚಿ, ಅದರ ಮೇಲೆ ನೀರಲ್ಲೂ ಗಟ್ಟಿಯಾಗುವ ಎಪಾಕ್ಸಿಯ ನಾದಿದ ಉಂಡೆ, ಮತ್ತೆ ಅಂಟು. ನೀರೊಳಗೆ ಇಳಿಸಿ, ಕಲ್ಲಿಗೆ ಒತ್ತಿ ಸ್ವಲ್ಪ ತಿರುಚಿ, ಅರವತ್ತು ಎಣಿಸುವವರೆಗೆ ಹಿಡಿದುಕೊಳ್ಳಬೇಕು. ಒಂದಕ್ಕೊಂದು ನಾಲ್ಕು ಬೆರಳು ದೂರ. ಇಲ್ಲದಿದ್ದರೆ ಒಂದನ್ನೊಂದು ಕುಟುಕಿ ಸುಟ್ಟುಹಾಕುತ್ತವೆ. ಹವಳಗಳೂ ನೆರೆಹೊರೆಯವರೇ.

ಆಕೆ ಇಡೀ ಹೊತ್ತು ಹಿಂದೆ ನಿಂತು ನೋಡಿದಳು. ಹಿಂದೆ ಯಾರಾದರೂ ನಿಂತರೆ ನನ್ನ ಕೈ ಬಿಗಿಯುತ್ತದೆ.

"ಹಿಡಿಯುತ್ತಾ?"

"ನಾನು ಜನರ ಬಾಯಿಗೆ ಹಲ್ಲು ಮಾಡಿ ಕೂರಿಸೋ ಕೆಲಸದವಳು. ಇದು ಹಿಡಿಯಲ್ವಾ?"

"ಹಲ್ಲು ಸತ್ತಿರುತ್ತೆ. ಇದಕ್ಕೆ ಜೀವ ಇದೆ."

ಕೇಳಿದವರಾರು ಇವಳನ್ನ.

ಜೂನ್ 11, ಮಂಗಳವಾರ

ಲ್ಯಾಬಿನಿಂದ ಬಂದು ನೋಡಿದರೆ ಎರಡು ತುಂಡು ಮರಳಿನ ಮೇಲೆ ಬೋರಲಾಗಿ ಬಿದ್ದಿವೆ. ಒಂದು ಇನ್ನೊಂದರ ಮೇಲೇ ಬಿದ್ದು, ತಾಗಿದ ಜಾಗ ಬೆಳ್ಳಗೆ ಸುಟ್ಟಿದೆ. ಬೆಳಗ್ಗೆ ಹೊರಡುವಾಗ ನೆಟ್ಟಗಿದ್ದವು. ಮನೆಯಲ್ಲಿ ಇದ್ದದ್ದು ಒಬ್ಬಳೇ.

"ತೊಟ್ಟಿಗೆ ಕೈ ಹಾಕಿದ್ರಾ?"

"ಇಲ್ಲ."

"ತಾನಾಗೇ ಬಿತ್ತಾ ಹಾಗಾದ್ರೆ?"

"ನೀನೇ ಅಂಟಿಸಿದ್ದಲ್ಲ, ಅಂಟನ್ನ ಕೇಳು."

ಜೂನ್ 12, ಬುಧವಾರ

ಇವತ್ತು ಮೂರು. ತಪ್ಪನ್ನು ನನ್ನ ಅಂಟಿನ ಮೇಲೆ ಹಾಕುತ್ತಾಳೆ. ಇಪ್ಪತ್ತೆರಡು ವರ್ಷದಿಂದ ನಾನು ಅಂಟಿಸಿದ್ದು ಒಂದಾದರೂ ಕಳಚಿ ಲ್ಯಾಬಿಗೆ ವಾಪಸು ಬಂದಿಲ್ಲ.

ಜೋರಾಗಿಯೇ ಹೇಳಿದೆ. ನನ್ನ ವಸ್ತು ಕಂಡರೆ ನಿಮಗೆ ಮೊದಲಿನಿಂದಲೂ ಆಗುವುದಿಲ್ಲ, ನನ್ನ ಅಮ್ಮನ ಬೀರುವಿನಿಂದ ಹಿಡಿದು ಯಾವುದನ್ನೂ ಇದ್ದ ಜಾಗದಲ್ಲಿ ಇರಗೊಡಲಿಲ್ಲ ಎಂದೆ. ಆಕೆ ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಎರಡು ಮಾಡಿ, ನಾಲ್ಕು ಮಾಡಿ, ಎಂಟು ಮಾಡಿ ಇಟ್ಟಳು. ತಿನ್ನಲಿಲ್ಲ.

"ಬೀರು ಬಾಗಿಲಿಗೆ ಅಡ್ಡ ಇತ್ತು" ಎಂದಳು ಕೊನೆಗೆ.

ಮೂವತ್ತೈದು ವರ್ಷಕ್ಕೆ ಸಿಕ್ಕಿದ ಸಮಜಾಯಿಷಿ.

ಜೂನ್ 14, ಶುಕ್ರವಾರ

ಹತ್ತನೆಯ ಸಿಟ್ಟಿಂಗು. ತೊಟ್ಟಿಯ ಮುಚ್ಚಳಕ್ಕೆ ನಾಲ್ಕೂ ಕಡೆ ಟೇಪು ಸುತ್ತಿ, ಟೇಪಿನ ತುದಿಯ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ತೆಗೆದು ಮತ್ತೆ ಹಚ್ಚಿದರೆ ಗೆರೆಗೆ ಗೆರೆ ಕೂಡುವುದಿಲ್ಲ. ಆಕೆಯ ಎದುರಿಗೇ ಮಾಡಿದೆ. ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಿತ್ತು. ಮುಟ್ಟಿಕೊಳ್ಳಲಿಲ್ಲ. ಪಾಕಡಾ.

ಜೂನ್ 17, ಸೋಮವಾರ

ಗೆರೆಗೆ ಗೆರೆ ಕೂಡಿದೆ. ತುಂಡು ಬಿದ್ದಿದೆ.

ದರ್ಜಿಯಲ್ಲವೇ, ಗೆರೆ ಕೂಡಿಸುವುದು ಆಕೆಗೆ ಹೇಳಿಕೊಡಬೇಕೇ.

ಜೂನ್ 22, ಶನಿವಾರ

ಅಂಗಡಿಯವನಿಗೆ ಫೋನು ಮಾಡಿ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಂಟು ಹಚ್ಚೋಕೆ ಮುಂಚೆ ಕಲ್ಲನ್ನ ಹಲ್ಲುಜ್ಜೋ ಬ್ರಶ್ಶಿಂದ ಉಜ್ಜಿದ್ರಾ ಮೇಡಂ?" ಎಂದ. ಉಜ್ಜಿರಲಿಲ್ಲ. ಕಲ್ಲಿನ ಮೇಲೆ ಪಾಚಿಯ ಪೊರೆ ಇದ್ದರೆ ಅಂಟು ಪೊರೆಗೆ ಹಿಡಿಯುತ್ತದೆ, ಕಲ್ಲಿಗಲ್ಲ. ಸ್ವಲ್ಪ ತಳ್ಳಿದರೂ ಪೊರೆಸಮೇತ ಎದ್ದುಬರುತ್ತದೆ. ಈ ಮಾತನ್ನು ಹಲ್ಲಿನ ಕೆಲಸದವಳಿಗೆ ಮೀನು ಮಾರುವವನು ಹೇಳಬೇಕಾಯಿತು.

ಉಜ್ಜಿ, ಐದನ್ನೂ ಹೊಸದಾಗಿ ಅಂಟಿಸಿದೆ. ಸ್ವಲ್ಪ ತಳ್ಳಿದರೂ, ಎಂದ. ತಳ್ಳುವ ಕೈ ಇದ್ದೇ ಇದೆಯಲ್ಲ.

ಆಕೆಯ ಎದೆಯ ಚರ್ಮ ಕೆಂಪಾಗಿದೆ. ಮಧ್ಯಾಹ್ನವೆಲ್ಲ ನಿದ್ದೆ. ಎದ್ದಾಗ ಮುಖ ಸುಕ್ಕಾದ ಬಟ್ಟೆ. ಇಂಥದ್ದನ್ನೂ ಈಗ ನಾನೇ ಬರೆಯುತ್ತಿದ್ದೇನೆ, ಸಹವಾಸ ದೋಷ.

ಜೂನ್ 24, ಸೋಮವಾರ

ಹದಿನಾರನೆಯ ಸಿಟ್ಟಿಂಗು. ಸಂಜೆ ಬಂದಾಗ ಟೇಪು ಬಿಚ್ಚಿತ್ತು, ಮುಚ್ಚಿಡುವ ಪ್ರಯತ್ನವೂ ಇಲ್ಲ. ಐದೂ ತುಂಡು ನಿಂತಿವೆ, ಆದರೆ ಗುಂಡಿ ಹವಳ ಬೇರೆ ಕಲ್ಲಿನ ಸಂದಿಯಲ್ಲಿದೆ, ಮುಖ ಗೋಡೆಯ ಕಡೆ. ಕೊನೆಗೂ ಕೈಗೆ ಸಿಕ್ಕಿಬಿದ್ದಳು.

"ಈಗಲಾದ್ರೂ ಒಪ್ಕೊಳ್ತೀರಾ?"

ಎಡಗೈಯನ್ನು ಶಾಲಿನೊಳಗೆ ಇಟ್ಟುಕೊಂಡು ಕೂತಿದ್ದಳು. "ಒಪ್ಕೊಂಡೆ, ಹೋಗು" ಎಂದಳು.

ಗೆದ್ದೆ. ಊಟ ರುಚಿಸಲಿಲ್ಲ.

ಜೂನ್ 26, ಬುಧವಾರ

ಬೆಳಗ್ಗೆ ಬಸ್ಸಿಗೆ ಹತ್ತುವಾಗ ಕಂಬಿ ಹಿಡಿಯಲಿಲ್ಲ, ಬೀಳುವಂತಾಯಿತು. ತೋಳು ಹಿಡಿದೆ. ಬೆಂಕಿಯ ಹಾಗಿತ್ತು. ಶಾಲು ಎಳೆದು ನೋಡಿದರೆ ಎಡಗೈ ಬೆರಳು ಬಲೂನಿನಷ್ಟು ದಪ್ಪ, ಮಣಿಕಟ್ಟಿನಿಂದ ಮೇಲಕ್ಕೆ ಕೆಂಪು ಗೆರೆ.

ನರ್ಸ್ ಕೇಳಿದರು, ಏನಾಯ್ತಮ್ಮ. "ಸೂಜಿ ಚುಚ್ಚಿತು" ಎಂದಳು. ಮೂರು ವಾರದಿಂದ ಸೂಜಿಯನ್ನೇ ಮುಟ್ಟಿಲ್ಲ. ಬೆರಳುಗಳ ನಡುವೆ ಕಲ್ಲು ತರಚಿದ ಸಣ್ಣ ಗಾಯ, ಸುತ್ತ ಬೊಕ್ಕೆ. ನಾನು ನೋಡಿದೊಡನೆ ಗುರುತು ಹಿಡಿದೆ.

"ಸೂಜಿಯಲ್ಲ. ಹವಳದ ತೊಟ್ಟಿಗೆ ಬರಿಗೈ ಹಾಕಿದ್ದಾರೆ. ಅದರಲ್ಲಿ ಒಂದು ವಿಷದ್ದು" ಎಂದೆ.

ನರ್ಸ್ ನನ್ನನ್ನು ನೋಡಿದ ರೀತಿ ಮರೆಯುವಂಥದ್ದಲ್ಲ. ಡಾಕ್ಟರು ಬಂದು ನೇರವಾಗಿ ನನಗೇ ಹೇಳಿದರು. ಕಂಕುಳಿನ ಗ್ರಂಥಿ ತೆಗೆದಿರುವುದರಿಂದ ಆ ಕೈಗೆ ಸೋಂಕನ್ನು ತಡೆಯುವ ಶಕ್ತಿ ಕಡಿಮೆ, ಒಂದು ತರಚು ಕೂಡ ಆಗಬಾರದು, ಇದನ್ನು ಕಾಗದದಲ್ಲಿ ಬರೆದುಕೊಟ್ಟಿದ್ದೆವು, ಓದಲಿಲ್ಲವೇ. ಪ್ಲಾಸ್ಟಿಕ್ ಚೀಲದ ಕಾಗದ. ನಾನು ಆ ಚೀಲವನ್ನು ತೆರೆದೇ ಇಲ್ಲ.

ವಾರ್ಡಿಗೆ ಹಾಕಿ ಡ್ರಿಪ್ಪು ಏರಿಸಿದ್ದಾರೆ. ಮೂರು ದಿನ ಸಿಟ್ಟಿಂಗು ಇಲ್ಲ. ಜ್ವರ ನೂರಮೂರು. ಇನ್ನೆರಡು ದಿನ ತಡವಾಗಿದ್ದರೆ ರಕ್ತಕ್ಕೆ ಇಳಿಯುತ್ತಿತ್ತಂತೆ.

"ಯಾಕೆ ಕೈ ಹಾಕಿದ್ರಿ?"

"ನಿನ್ನ ಹುಳು" ಎಂದಳು. "ಹನ್ನೆರಡೂವರೆ ಆದ್ರೆ ಹೊರಡುತ್ತೆ, ಬುಲ್ಡೋಜರ್ ಥರ. ಅಡ್ಡ ಬಂದಿದ್ದನ್ನೆಲ್ಲ ಬೀಳಿಸ್ಕೊಂಡು ಹೋಗುತ್ತೆ. ನೀನು ಬರೋ ಮುಂಚೆ ಎತ್ತಿ ನಿಲ್ಲಿಸ್ತಿದ್ದೆ, ಸೋಮವಾರ ಒಂದೇ ಅಲ್ಲ, ಹಿಂದಿನ ವಾರನೂ. ಆಗ ಗೆರೆಗೆ ಗೆರೆ ಕೂಡಿಸಿ ಟೇಪು ಹಚ್ಚಿದ್ದೆ."

"ಹೇಳ್ಬೇಕಿತ್ತು."

"ಹೇಳಿದ್ರೆ ನಂಬ್ತಿದ್ದೆಯಾ?"

ಪಕ್ಕದ ಹಾಸಿಗೆಯ ಅಜ್ಜಿ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ನೀರು ತರುತ್ತೇನೆಂದು ಎದ್ದು ಹೋದೆ.

ಜೂನ್ 27, ಗುರುವಾರ

ಲ್ಯಾಬಿಗೆ ರಜೆ ಹಾಕಿದೆ. ಆಸ್ಪತ್ರೆಯಲ್ಲಿ ಹನ್ನೊಂದರಿಂದ ಮೂರರವರೆಗೆ ಒಳಗೆ ಬಿಡುವುದಿಲ್ಲ. ಮನೆಗೆ ಬಂದು, ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತೆ.

ಹನ್ನೆರಡು ನಲವತ್ತಕ್ಕೆ ಬಸವನಹುಳು ಹಿಂದಿನ ಗಾಜಿನಿಂದ ಇಳಿಯಿತು. ಕಲ್ಲಿನ ಮೇಲೆ ಏರಿತು. ದಾರಿಯಲ್ಲಿ ಒಂದು ತುಂಡು. ಸುತ್ತಿಕೊಂಡು ಹೋಗಲು ಎರಡು ಅಂಗುಲ ಜಾಗ ಇತ್ತು. ಹೋಗಲಿಲ್ಲ. ಚಿಪ್ಪನ್ನು ಬಿಲ್ಲೆಯ ಕೆಳಗೆ ತೂರಿಸಿ ಸುಮ್ಮನೆ ನಡೆಯಿತು. ನಾನು ಅರವತ್ತು ಎಣಿಸಿ ಅಂಟಿಸಿದ್ದು ಸಡಿಲಗೊಂಡು, ವಾಲಿ, ಮರಳಿಗೆ ಬಿತ್ತು. ಹುಳು ಹಿಂದೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ತಿರುಗಿ ನೋಡಲು ಕುತ್ತಿಗೆಯೂ ಇಲ್ಲ.

ಅದನ್ನು ಊಟದ ಡಬ್ಬಿಗೆ ಹಾಕಿಕೊಂಡು ಹೋಗಿ ಅಂಗಡಿಯವನ ಮೇಜಿನ ಮೇಲೆ ಇಟ್ಟೆ. "ಇಷ್ಟು ದೊಡ್ಡದು ಸಣ್ಣ ತೊಟ್ಟಿಗೆ ಬೇಡ ಅಂತ ಅವತ್ತೇ ಹೇಳಿದ್ದೆ" ಎಂದ. ಹೇಳಿದ್ದ. ಬದಲಿಗೆ ಒಂದು ಅಣಬೆ ಹವಳ ಕೊಡುತ್ತೇನೆ, ಮುಂದಿನ ವಾರ ಬನ್ನಿ ಎಂದ.

ಮೂರಕ್ಕೆ ಆಸ್ಪತ್ರೆಗೆ ಹೋದೆ. ಹುಳುವನ್ನು ವಾಪಸು ಕೊಟ್ಟೆ ಎಂದು ಹೇಳಿದೆ. ಅಷ್ಟೇ ಹೇಳಿದೆ. ಕ್ಷಮೆ ಕೇಳುವಂಥದ್ದು ಏನಿದೆ, ಮುಟ್ಟಬೇಡಿ ಎಂದು ಮೊದಲ ದಿನವೇ ಹೇಳಿದ್ದೆನಲ್ಲ.

ಜೂನ್ 29, ಶನಿವಾರ

ಮನೆಗೆ ಕರೆತಂದೆ. ಕಾಗದದ ಚೀಲವನ್ನು ಪೂರ್ತಿ ಓದಿದೆ, ಎಪ್ಪತ್ತು ಪುಟ. ಎಡಗೈಯಲ್ಲಿ ಬಿ.ಪಿ. ನೋಡಬಾರದು, ಭಾರ ಎತ್ತಬಾರದು, ಬಿಸಿ ಪಾತ್ರೆ ಮುಟ್ಟಬಾರದು. ಆಕೆ ಈ ನಾಲ್ಕು ವಾರ ಪ್ರತಿದಿನ ಪಾತ್ರೆ ತೊಳೆದಿದ್ದಾಳೆ. ನಾನು ತೊಳೆಯಿರಿ ಎಂದಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ತಮ್ಮ ಫೋನಿನಲ್ಲಿ ಕಿರುಚಿದ. "ಅಕ್ಕ, ನಿನಗೆ ಅಮ್ಮನ ಮೇಲೆ ದ್ವೇಷ ಇದ್ದರೆ ನನಗೆ ಮೊದಲೇ ಹೇಳ್ಬೇಕಿತ್ತು." ಆಕೆ ಬಲಗೈಯಿಂದ ಫೋನು ಕಿತ್ತುಕೊಂಡು, "ಗೊತ್ತಿದ್ದೇ ತಾನೆ ನೀನು ಬಿಟ್ಟು ಹೋಗಿದ್ದು? ಇಡು ಫೋನು" ಎಂದಳು.

ಜುಲೈ 3, ಬುಧವಾರ

ಯಂತ್ರ ಕೆಟ್ಟಿತ್ತು. ಎಂಟೂಕಾಲಿನಿಂದ ಹನ್ನೊಂದರವರೆಗೆ ಕಾರಿಡಾರಿನ ಉಕ್ಕಿನ ಕುರ್ಚಿಯಲ್ಲಿ ಇಬ್ಬರೇ. ಲ್ಯಾಬಿನ ಯಜಮಾನರು ಎರಡು ಸಲ ಫೋನು ಮಾಡಿದರು, ಎರಡನೆಯ ಸಲ ಎತ್ತಲಿಲ್ಲ.

ಯಾಕೆ ಕೇಳಿದೆನೋ ಗೊತ್ತಿಲ್ಲ. ಹೊತ್ತು ಹೋಗಲಿಲ್ಲ, ಅದಕ್ಕೇ ಇರಬೇಕು. "ಹನ್ನೆರಡನೇ ವಯಸ್ಸಿಗೆ ನನ್ನ ಹಾಸ್ಟೆಲಿಗೆ ಹಾಕಿದ್ದು ಅಪ್ಪನಾ, ನೀವಾ?"

ಅಪ್ಪ ಎನ್ನುತ್ತಾಳೆ ಎಂದುಕೊಂಡಿದ್ದೆ. ಸತ್ತವರ ಮೇಲೆ ಹಾಕುವುದು ಸುಲಭ. ನನ್ನ ಉತ್ತರವೂ ತಯಾರಿತ್ತು.

"ನಾನೇ" ಎಂದಳು. "ನಿಮ್ಮಪ್ಪನಿಗೆ ಇಷ್ಟ ಇರ್ಲಿಲ್ಲ. ಹಟ ಮಾಡಿ ಹಾಕ್ಸಿದೆ."

"ಯಾಕೆ?"

"ನಿನ್ನ ಕಂಡ್ರೆ ಭಯ ಆಗ್ತಿತ್ತು. ನನಗೆ ಆಗ ಇಪ್ಪತ್ಮೂರು. ಒಂಬತ್ತು ತಿಂಗಳು ನನ್ನ ಜೊತೆ ಒಂದು ಮಾತಾಡ್ಲಿಲ್ಲ ನೀನು. ಹಾಕಿದ ಊಟನ ನನ್ನ ಕಣ್ಣೆದುರಿಗೇ ಬಚ್ಚಲಿಗೆ ಸುರೀತಿದ್ದೆ. ನಾನು ಹೊಲಿದ ಫ್ರಾಕನ್ನ ಕತ್ತರಿಸಿ ನನ್ನ ದಿಂಬಿನ ಮೇಲೆ ಇಟ್ಟಿದ್ದೆ. ಮನೆಗೆ ಬರೋದಕ್ಕೇ ಹೆದರಿಕೆ. ನೀನು ಹೋದ ದಿನ ಚೆನ್ನಾಗಿ ನಿದ್ದೆ ಮಾಡ್ದೆ."

"ನಾನು ಮಗು."

"ಹೂಂ. ತಪ್ಪು ನಂದೇ. ತಪ್ಪು ಅಂತ ಆವತ್ತೂ ಗೊತ್ತಿತ್ತು. ಆದ್ರೂ ಮಾಡ್ದೆ."

ನಾನು ಫ್ರಾಕಿನ ವಿಷಯ ಮರೆತಿದ್ದೆ. ಹಳದಿ ಬಣ್ಣದ್ದು, ಕುತ್ತಿಗೆಯ ಹತ್ತಿರ ಪುಟ್ಟ ಗುಂಡಿಗಳು. ಅದನ್ನು ಕತ್ತರಿಸುವಾಗ ಬಟ್ಟೆ ಗಟ್ಟಿಯಾಗಿತ್ತು, ಎರಡೂ ಕೈ ಬೇಕಾಗಿತ್ತು.

ಅವಳು ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿದ್ದರೆ ನನ್ನ ಸಿಟ್ಟು ಇನ್ನೂ ಮೂವತ್ತೈದು ವರ್ಷಕ್ಕೆ ಆಗುತ್ತಿತ್ತು. ಹನ್ನೊಂದಕ್ಕೆ ಯಂತ್ರ ಸರಿಯಾಯಿತು, ಹೆಸರು ಕೂಗಿದರು. ಇಪ್ಪತ್ತನೆಯ ಸಿಟ್ಟಿಂಗು.

ಜುಲೈ 4, ಗುರುವಾರ

ಇಪ್ಪತ್ತೊಂದು. ಬರೆಯುವಂಥದ್ದು ಏನೂ ಇಲ್ಲ.

ಜುಲೈ 7, ಭಾನುವಾರ

ಅಂಗಡಿಯವನು ಅಣಬೆ ಹವಳ ಕೊಟ್ಟ. ನೀಲಿ, ಅಂಗಿಯ ದೊಡ್ಡ ಗುಂಡಿಯಷ್ಟು ಅಗಲ, ತಳಕ್ಕೆ ಬಿಲ್ಲೆಯೇ ಇಲ್ಲ, ಬರೀ ಮೆತ್ತನೆ ಮಾಂಸ. ಅಂಟು ಹಚ್ಚಿದರೆ ಲೋಳೆ ಬಿಟ್ಟು ಅಂಟನ್ನೇ ಕಳಚಿಕೊಳ್ಳುತ್ತದೆ. ಮೂರು ಸಲ ಅಂಟಿಸಿದೆ, ಮೂರು ಸಲವೂ ತೇಲಿ ಹೋಗಿ ಪಂಪಿನ ಜಾಲರಿಗೆ ಸಿಕ್ಕಿಕೊಂಡಿತು. ನಾಲ್ಕನೆಯ ಸಲಕ್ಕೆ ಅಂಟಿನ ಟ್ಯೂಬನ್ನು ಸಿಂಕಿಗೆ ಎಸೆದೆ.

"ಸೂಟ್‌ಕೇಸಲ್ಲಿ ಡಬ್ಬಿ ಇದೆ, ತಗೊಂಡು ಬಾ" ಎಂದಳು ಚಿಕ್ಕಮ್ಮ ದಿವಾನದಿಂದ.

ಬಿಸ್ಕತ್ತಿನ ಹಳೇ ಡಬ್ಬಿ. ಒಳಗೆ ಸೂಜಿ, ನೈಲಾನ್ ದಾರ, ಬಟ್ಟೆಯ ಚೂರುಗಳು. ಅದರಲ್ಲಿ ಬಿಳಿ ನೆಟ್ ಬಟ್ಟೆಯ ಅಂಗೈಯಗಲ ತುಂಡು.

"ಜಾರೋ ಬಟ್ಟೆನ ಅಂಟಿಸಿದ್ರೆ ನಿಲ್ಲಲ್ಲ, ಪಿನ್ನು ಹಾಕಿದ್ರೆ ತೂತಾಗುತ್ತೆ. ಮೇಲೊಂದು ನೆಟ್ ಹಾಕಿ ಹಿಡಿಸ್ಬೇಕು. ಕಲ್ಲಿಗೆ ಇಟ್ಟು, ನೆಟ್ ಮುಚ್ಚಿ, ಕಲ್ಲಿನ ಸುತ್ತ ದಾರ ಕಟ್ಟು."

"ಇದು ಪ್ಯಾಂಟಲ್ಲ."

"ಗೊತ್ತು. ಪ್ಯಾಂಟು ಹೀಗೆ ಓಡಿ ಹೋಗಲ್ಲ."

ಒಂದು ಮುಷ್ಟಿಯಷ್ಟು ಕಲ್ಲನ್ನು ಬೋಗುಣಿಯ ಉಪ್ಪುನೀರಿಗೆ ಹಾಕಿಕೊಂಡು ಕೂತೆ. ಚಿಕ್ಕಮ್ಮನನ್ನು ನೀರಿನಿಂದ ಒಂದು ಮಾರು ದೂರ ಕೂರಿಸಿದೆ. ಅಲ್ಲಿಂದಲೇ ದರ್ಬಾರು. ಬಿಗಿ ಆಯ್ತು, ಬಿಚ್ಚು. ಸಡಿಲ ಆಯ್ತು, ಎಳಿ. ಹೊಸ ಸೊಂಟಪಟ್ಟಿಯ ಹಾಗೆ ಒಂದು ಬೆರಳು ಹೋಗುವಷ್ಟು ಇರಲಿ. ಆ ಗಂಟಲ್ಲ, ಈ ಗಂಟು. ಹಲ್ಲಿನವಳಿಗೆ ಗಂಟು ಬರಲ್ಲ ಅಂತ ಕಾಣುತ್ತೆ.

"ಬಾಯಿ ಮುಚ್ಕೊಂಡು ಕೂತ್ಕೋ ಸ್ವಲ್ಪ. ನೀನು ಮಾತಾಡಿದ್ರೆ ಕೈ ಜಾರುತ್ತೆ" ಎಂದೆ.

ಚಿಕ್ಕಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಮುಖದಲ್ಲಿ ಏನೋ ಆದ ಹಾಗಾಯಿತು, ತಿಳಿಯಲಿಲ್ಲ. ಆಮೇಲೆ ನಿಜಕ್ಕೂ ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂತಳು. ಅದೇ ಆಶ್ಚರ್ಯ.

ಜುಲೈ 12, ಶುಕ್ರವಾರ

ಇಪ್ಪತ್ತೇಳು. ಕಂಕುಳಿನ ಚರ್ಮ ಸುಲಿದಿದೆ. ತೋಳು ಕೆಳಗಿಳಿಸಲೂ ಆಗದೆ ಮೇಲೆತ್ತಲೂ ಆಗದೆ ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲುತ್ತಾಳೆ. ಕ್ರೀಮನ್ನು ತಾನೇ ಹಚ್ಚಿಕೊಳ್ಳುತ್ತೇನೆಂದು ಹಟ. ಅರ್ಧ ಕ್ರೀಮು ಬಟ್ಟೆಗೆ. ಕೊನೆಗೆ ಕಿತ್ತುಕೊಂಡು ನಾನೇ ಹಚ್ಚಿದೆ. ಎದೆಯ ಒಂದು ಕಡೆ ಚಪ್ಪಟೆ, ಹೊಲಿಗೆಯ ಗುರುತು ಕಂಕುಳವರೆಗೆ.

"ಹೊಲಿಗೆ ಹೇಗಿದೆ?" ಎಂದಳು, ಗೋಡೆ ನೋಡುತ್ತ.

"ನೆಟ್ಟಗಿದೆ."

"ಸುಳ್ಳು. ಕೊನೇಲಿ ಸುಕ್ಕಾಗಿದೆ. ಕನ್ನಡೀಲಿ ನೋಡಿದ್ದೀನಿ."

"ಗೊತ್ತಿದ್ರೆ ಯಾಕೆ ಕೇಳ್ತೀಯಾ?"

ಒಂದು ತುತ್ತೂ ತಿನ್ನುವುದಿಲ್ಲ. ಇವತ್ತು ಮೊಟ್ಟೆ ಬೇಯಿಸಿಟ್ಟರೆ ಹಳದಿ ಬಿಟ್ಟಳು, ನಿನ್ನೆ ಬಿಳಿ ಬಿಟ್ಟಿದ್ದಳು. ಎರಡೂ ದಿನ ಸೇರಿ ಒಂದು ಮೊಟ್ಟೆ ಆಯಿತಲ್ಲ ಎನ್ನುತ್ತಾಳೆ. ಇಂಥ ರೋಗಿಯನ್ನು ಶತ್ರುವಿಗೂ ಕೊಡಬಾರದು. ಯಜಮಾನರು ಅರ್ಧ ದಿನದ ರಜೆ ಇನ್ನು ಸಾಧ್ಯವಿಲ್ಲ ಎಂದರು. ಹಾಗಾದರೆ ಪೂರ್ತಿ ದಿನ ಕೊಡಿ ಎಂದೆ.

ಜುಲೈ 16, ಮಂಗಳವಾರ

ನೆಟ್ ಬಿಚ್ಚಿದೆವು. ಅಣಬೆ ಹವಳ ಕಲ್ಲಿಗೆ ಕಾಲೂರಿದೆ, ಪಂಪಿನ ನೀರು ತಳ್ಳಿದರೆ ಅಲುಗುತ್ತದೆ, ಕಳಚುವುದಿಲ್ಲ. "ನಾನು ಹೇಳ್ಲಿಲ್ವಾ" ಎಂದು ಸಂಜೆಯೆಲ್ಲ ಹೇಳಿದಳು. ಕಟ್ಟಿದ್ದು ನಾನು.

ಜುಲೈ 17, ಬುಧವಾರ

ಮೂವತ್ತು. ಮುಗಿಯಿತು. ನಾಳೆ ತಮ್ಮ ಬರುತ್ತಾನೆ. ಇನ್ನು ಬೆಳಗ್ಗೆ ಆರಕ್ಕೆ ಏಳಬೇಕಾಗಿಲ್ಲ.

ಜುಲೈ 18, ಗುರುವಾರ

ತಮ್ಮ ಕಾರು ತಂದಿದ್ದ. ಬಂದವನೇ ಚಿಕ್ಕಮ್ಮನ ಎಡಗೈ ಹಿಡಿದು ಎಬ್ಬಿಸಲು ಹೋದ. ಆ ಕೈ ಮುಟ್ಟಬೇಡವೋ ದಡ್ಡ ಎಂದು ಕೂಗಿದೆ. ಸೀಟ್‌ಬೆಲ್ಟು ಎದೆಯ ಮೇಲೆ ಒತ್ತಬಾರದು, ನಡುವೆ ದಿಂಬು ಇಡು, ಗಂಟೆಗೊಮ್ಮೆ ನಿಲ್ಲಿಸು, ಎ.ಸಿ. ನೇರ ಬೀಳಬಾರದು, ಮೊಟ್ಟೆಯ ಯಾವ ಭಾಗ ಯಾವತ್ತು ತಿನ್ನುತ್ತಾಳೆ, ಎಲ್ಲ ಹೇಳಿದೆ. ಅವನು ಬಾಯಿ ಬಿಟ್ಟುಕೊಂಡು ನಿಂತಿದ್ದ. ಬರೆದುಕೋ ಎಂದೆ. ಬರೆದುಕೊಂಡ.

ಬಾಗಿಲಲ್ಲಿ ಚಿಕ್ಕಮ್ಮ ನಿಂತಳು. "ಚೆನ್ನಾಗಿ ನೋಡ್ಕೊಂಡೆ ಅನ್ನಲ್ಲ. ಸುಳ್ಳಾಗುತ್ತೆ" ಎಂದಳು. "ನೋಡ್ಕೊಂಡೆ."

"ಹೊರಡು, ಬಿಸಿಲೇರುತ್ತೆ" ಎಂದೆ.

ಮನೆ ದೊಡ್ಡದಾಗಿದೆ. ಪಂಪಿನ ಸದ್ದು ಇಷ್ಟು ಜೋರು ಎಂದು ಗೊತ್ತಿರಲಿಲ್ಲ.

ಜುಲೈ 20, ಶನಿವಾರ

ಬಚ್ಚಲಿನ ಕಿಟಕಿಯಲ್ಲಿ ಕ್ರೀಮಿನ ಟ್ಯೂಬು ಸಿಕ್ಕಿತು. ಬಿಟ್ಟು ಹೋಗಿದ್ದಾಳೆ. ತಮ್ಮನಿಗೆ ಫೋನು ಮಾಡಿದೆ. ಅವನು ಮಾತು ಮುಗಿಸುವ ಮೊದಲೇ ಚಿಕ್ಕಮ್ಮ ಕಿತ್ತುಕೊಂಡಳು.

"ಎರಡು ದಿನದಿಂದ ಏನು ಹಚ್ಕೊಳ್ತಿದ್ದೀಯ?"

"ಇಲ್ಲೊಂದು ಎಣ್ಣೆ ಇದೆ."

"ಎಣ್ಣೆ ಹಚ್ಚಬಾರದು ಅಂತ ಇಪ್ಪತ್ತೊಂಬತ್ತನೇ ಪುಟದಲ್ಲಿದೆ. ಬುದ್ಧಿ ಇದೆಯಾ ನಿನಗೆ?"

"ನಿನ್ನ ಆ ಕ್ರೀಮು ಉರಿಯುತ್ತೆ."

"ಉರಿಯೋದು ಕ್ರೀಮಲ್ಲ, ನಿನ್ನ ನಾಲಿಗೆ."

ಎಣ್ಣೆಯಿಂದ ಶುರುವಾಗಿ ಮೊಟ್ಟೆಗೆ ಹೋಯಿತು, ಅಲ್ಲಿಂದ ಅಮ್ಮನ ಬೀರುವಿಗೆ, ಬೀರುವಿನಿಂದ ಹಳದಿ ಫ್ರಾಕಿಗೆ. ಅದರ ಗುಂಡಿಗಳನ್ನು ಪರ ಊರಿನಿಂದ ತರಿಸಿದ್ದಳಂತೆ, ಹನ್ನೊಂದು ಗುಂಡಿ. ಒಂಬತ್ತೇ ಇದ್ದವು ಎಂದೆ. ಹೊಲಿದವಳು ನಾನೋ ನೀನೋ ಎಂದಳು. ಕತ್ತರಿಸಿದವಳು ನಾನು, ನನಗೆ ಗೊತ್ತು ಎಂದೆ. ಐವತ್ತು ನಿಮಿಷ. ಕೊನೆಗೆ ತಮ್ಮನ ಫೋನಿನ ಬ್ಯಾಟರಿ ಮುಗಿದಿರಬೇಕು, ಮಾತಿನ ಮಧ್ಯೆ ಕಡಿದುಹೋಯಿತು.

ನನ್ನದು ಇನ್ನೂ ಅರ್ಧ ಬಾಕಿ ಇದೆ. ಇಂಥ ಹೆಂಗಸಿನ ಜೊತೆ ಫೋನಿನಲ್ಲಿ ಆಗುವುದಿಲ್ಲ. ನಾಳೆ ಎಂಟೂವ‌ರೆಗೆ ಆ ಕಡೆಗೊಂದು ಬಸ್ಸಿದೆ. ಟ್ಯೂಬನ್ನು ಕೈಗೆ ಕೊಟ್ಟು, ಮಿಕ್ಕ ಜಗಳವನ್ನು ಎದುರಿಗೇ ಆಡಿ ಬರುತ್ತೇನೆ.